ಬೌನ್ ಬೀದಿಯ ಗಣಪತಿಯ ಮುಂದೆ ಸಂಕಲ್ಪ

ಪೂಜೆಗೆ ಕೂತವರು ಮೊದಲು ಸಂಕಲ್ಪ ಮಾಡುತ್ತಾರೆ. ತಾವಿರುವ ದೇಶ, ಕಾಲಗಳನ್ನು ಹೇಳಿಕೊಂಡ ಮೇಲೆಯೇ ದೇವರ ಮುಂದೆ ಬೇಡಿಕೆ. ‘ಜಂಬೂದ್ವೀಪೇ ಭರತವರ್ಷೇ’ ಎಂದು ಕೇಳಿ ಬೆಳೆದ ನಮಗೆ ಅಮೆರಿಕದ ಅರ್ಚಕರು ‘ಕ್ರೌಂಚದ್ವೀಪೇ’ ಎಂದಾಗ ಕಿವಿ ನಿಮಿರುತ್ತದೆ. ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ, ಬೌನ್ ಸ್ಟ್ರೀಟಿನ ಮಹಾವಲ್ಲಭ ಗಣಪತಿಯ ಎದುರು ಅಕ್ಷತೆ ಹಿಡಿದು ಕೂತವರು ಆ ನೆಲದ ಕತೆಯನ್ನು ತಿಳಿದಿರುವುದೂ ಪೂಜೆಯ ಅಂಗವೆಂದೇ ನಾನು ನಂಬಿದ್ದೇನೆ.

1657ರಲ್ಲಿ ಈ ಊರು ಡಚ್ಚರ ಆಳ್ವಿಕೆಯಲ್ಲಿತ್ತು. ಕ್ರೈಸ್ತರಲ್ಲೇ ಒಂದಾದ ಕ್ವೇಕರ್ ಪಂಥದವರಿಗೆ ಯಾರೂ ಆಶ್ರಯ ಕೊಡಕೂಡದೆಂದು ಗವರ್ನರ್ ಪೀಟರ್ ಸ್ಟೈವಸೆಂಟ್ ಅಪ್ಪಣೆ ಮಾಡಿದಾಗ, ಸ್ವತಃ ಆ ಪಂಥಕ್ಕೆ ಸೇರದ ಊರಿನ 30 ಮಂದಿ ಅದನ್ನು ವಿರೋಧಿಸಿ ಮನವಿ ಬರೆದುಕೊಟ್ಟರು. ಪ್ರೀತಿಯಿಂದ ಬಂದವರ ಮೇಲೆ ಕೈಮಾಡಲು ತಮ್ಮ ಅಂತಃಸಾಕ್ಷಿ ಒಪ್ಪದು, ಅವರು ತಮ್ಮ ಊರಿಗೂ ಮನೆಗೂ ತಡೆಯಿಲ್ಲದೆ ಬಂದುಹೋಗಲಿ ಎಂಬುದು ಅದರ ಸಾರ. ಅದನ್ನು ಬರೆದ ಊರ ಗುಮಾಸ್ತ ಎಡ್ವರ್ಡ್ ಹಾರ್ಟ್ ಸೆರೆಮನೆ ಸೇರಬೇಕಾಯಿತು. ಇಂಗ್ಲೆಂಡಿನಿಂದ ವಲಸೆ ಬಂದಿದ್ದ ಜಾನ್ ಬೌನ್ ತನ್ನ ಮನೆಯಲ್ಲೇ ಕ್ವೇಕರರ ಪ್ರಾರ್ಥನೆಗೆ ಜಾಗ ಕೊಟ್ಟು 1662ರಲ್ಲಿ ಬಂಧಿತನಾದ, ಗಡೀಪಾರಾದ. ಹಾಲೆಂಡಿನಲ್ಲಿ, ಈ ವಸಾಹತನ್ನು ಆಳುತ್ತಿದ್ದ ಡಚ್ ವೆಸ್ಟ್ ಇಂಡಿಯಾ ಕಂಪನಿಯ ಮುಂದೆ ತನ್ನ ಅಹವಾಲು ಹೇಳಿಕೊಂಡು ಗೆದ್ದು ಬಂದ. ಆತನ ಮನೆ ಇದೇ ಬೀದಿಯಲ್ಲಿ ಇಂದಿಗೂ ಇದೆ.

ಕ್ವೇಕರರದು ಮೂರ್ತಿ, ಮಂತ್ರಗಳಿಲ್ಲದ ಮೌನದ ಆರಾಧನೆ. ಅಭಿಷೇಕ, ನಾದಸ್ವರ, ಮಂಗಳಾರತಿಗಳಲ್ಲಿ ಮನಸ್ಸು ನೆಟ್ಟ ನಮಗೂ ಅವರಿಗೂ ಪೂಜೆಯ ರೀತಿಯಲ್ಲಿ ಸಾಮ್ಯ ಹುಡುಕಿ ಪ್ರಯೋಜನವಿಲ್ಲ. ದೇವರ ಹೆಸರಿನಲ್ಲಿ ಬಂದವರಿಗೆ ಬಾಗಿಲು ತೆರೆಯುವುದು ದೇವರ ಸೇವೆಯೇ ಎಂಬ ನಂಬಿಕೆ ಮಾತ್ರ ಇಬ್ಬರದೂ. ಹಿಂದೆ ರಷ್ಯನ್ ಆರ್ಥೊಡಾಕ್ಸ್ ಚರ್ಚಿದ್ದ ಜಾಗದಲ್ಲಿ 1977ರ ಜುಲೈ 4ರಂದು ಗಣಪತಿಯ ಪ್ರತಿಷ್ಠೆಯಾಯಿತು. ಈಗ ಗುಡಿಯ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ದೋಸೆಯ ಕಾವಲಿಯ ಮುಂದೆ ಸಾಲು ನಿಂತವರನ್ನು ಯಾವ ದೇವರ ಒಕ್ಕಲೆಂದು ಯಾರೂ ಕೇಳುವುದಿಲ್ಲ.

ಚೌತಿಯ ಕಾಲದಲ್ಲಿ ಗಣಪತಿಯ ತೇರು ಚೀನೀಯರೂ ಕೊರಿಯನ್ನರೂ ನೆಲೆಸಿರುವ ಫ್ಲಶಿಂಗ್‌ನ ಬೀದಿಗಳಲ್ಲಿ ಸಾಗುತ್ತದೆ. 2022ರಲ್ಲಿ ಗುಡಿಯ ಮುಂದಿನ ಬೀದಿಗೆ ‘ಗಣೇಶ್ ಟೆಂಪಲ್ ಸ್ಟ್ರೀಟ್’ ಎಂಬ ಹೆಸರೂ ಸೇರಿತು. ಬೌನ್‌ನ ಹೆಸರನ್ನು ಅಳಿಸದೆ ಅದರ ಜೊತೆಗೆ ಸೇರಿಸಿದರೆಂಬುದು ನನಗೆ ಬಹಳ ಸಂತೋಷದ ವಿಷಯ. ಅಲ್ಲಿ ನೆಲೆಸಿರುವ ನಮ್ಮವರು ಚೌತಿಯಂದು ಮಂಗಳಾರತಿ ಮುಗಿದ ಮೇಲೆ ಮಕ್ಕಳನ್ನು ಆ ಹಳೆಯ ಮನೆಯ ತನಕ ನಡೆಸಿಕೊಂಡು ಹೋಗಿ, ಬೌನ್ ಮತ್ತು ಹಾರ್ಟ್ ಯಾರೆಂದು ಹೇಳಿಕೊಡಲಿ.