ನಾಲ್ಕನೇ ಸಲಕ್ಕೆ ಬೆಟ್ಟ ಹಸಿರು ಹಿಡಿಯಿತು

ಸೆಪ್ಟೆಂಬರ್ 28, 2025, ಭಾನುವಾರ ರಾತ್ರಿ. ದಸರಾ ಬೊಂಬೆಗಳ ಜೊತೆ ಮಾಡುವ ಪುಟ್ಟ ದೃಶ್ಯಕ್ಕೆ ನಮ್ಮಲ್ಲಿ ಪಾರ್ಕು ಅನ್ನುತ್ತೇವೆ; ಈ ಸಲದ ಪಾರ್ಕಿನ ಚಾಮುಂಡಿ ಬೆಟ್ಟಕ್ಕೆ ಬೀಜ ಬಿತ್ತಿ ಇವತ್ತಿಗೆ ಹತ್ತು ದಿನ. ಬೆಟ್ಟದ ನೆತ್ತಿಯಿಂದ ಬುಡದವರೆಗೆ ಹಸಿರು ನಿಂತಿದೆ. ಜಾರಿಲ್ಲ, ಬೂಷ್ಟು ಬಂದಿಲ್ಲ, ಬಾಡಿಲ್ಲ. ನಿನ್ನೆ ಶಿವಮೊಗ್ಗದಿಂದ ಬಂದ ನೆಂಟರು ಒಳಗೆ ಕಾಲಿಟ್ಟವರೇ ಪಟ್ಟದ ಬೊಂಬೆಗೂ ಮೊದಲು ಬೆಟ್ಟದ ಹತ್ತಿರ ಹೋದರು, ಬಗ್ಗಿ ಮುಟ್ಟಿ ನೋಡಿದರು, "ನಿಜವಾದ್ದಾ!" ಅಂದರು. ಒಂದು ತಿಂಗಳು ಈ ಮೂರು ಅಡಿ ಬೆಟ್ಟದ ಜೊತೆ ಗುದ್ದಾಡಿದ್ದಕ್ಕೆ ನನಗೆ ಅಷ್ಟು ಸಾಕು.

ಹಂತ ಜೋಡಿಸುವುದು, ಬಟ್ಟೆ ಹಾಸುವುದು, ಅಟ್ಟದಿಂದ ಪೆಟ್ಟಿಗೆ ಇಳಿಸುವುದು ಬೊಂಬೆ ಕೂರಿಸುವ ಮನೆಯವರಿಗೆಲ್ಲ ಗೊತ್ತಿದ್ದದ್ದೇ. ನಮ್ಮಲ್ಲಿ ಈ ಸಲವೂ ಏಳು ಹಂತ, ಅದೇ ಕಬ್ಬಿಣದ ಸ್ಟ್ಯಾಂಡು, ಅದೇ ಬಿಳಿ ಪಂಚೆಗಳು. ಸೋಫಾ ಮಹಡಿಗೆ ಹೋಯಿತು. ಹಾಲಿನಲ್ಲಿ ರಾತ್ರಿ ಆರು ಜನ ಮಲಗುವಷ್ಟು ಜಾಗ ಬಿಟ್ಟು ಉಳಿದದ್ದೆಲ್ಲ ಬೊಂಬೆಗೆ. ಬಾಗಿಲಿಗೆ ಮಾವಿನ ತೋರಣ, ಜಗಲಿಯಲ್ಲಿ ಚಪ್ಪಲಿಗೆಂದು ಎರಡು ಹಲಗೆ. ಅಷ್ಟೇ. ಹೇಳಬೇಕಾದದ್ದು ಬೆಟ್ಟದ ವಿಷಯ.

ದೊಡ್ಡಮ್ಮ ಮೈಸೂರಿನಲ್ಲಿದ್ದಾಗ ಆಷಾಢ ಶುಕ್ರವಾರ ಒಂದನ್ನೂ ತಪ್ಪಿಸದೆ ಚಾಮುಂಡಿ ಬೆಟ್ಟ ಹತ್ತಿದವರು. ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹೋಗುತ್ತಿದ್ದರು. ಮಂಡಿ ಹೋದ ಮೇಲೆ ಶಿವಮೊಗ್ಗದಲ್ಲಿ ಮಗನ ಮನೆ ಸೇರಿದರು. ಈ ವರ್ಷ ದಸರಾಕ್ಕೆ ಬರುತ್ತೇನೆ ಎಂದು ಅವರು ಫೋನು ಮಾಡಿದ ದಿನವೇ ಪಾರ್ಕಿನಲ್ಲಿ ಚಾಮುಂಡಿ ಬೆಟ್ಟ ಎಂದು ತೀರ್ಮಾನವಾಯಿತು. ದೊಡ್ಡ ದೇವರಾಜ ಒಡೆಯರು 17ನೇ ಶತಮಾನದಲ್ಲಿ ಮಾಡಿಸಿದ ಸಾವಿರ ಮೆಟ್ಟಿಲಿಗೆ ನನ್ನದು ನೂರು, ಎಲ್ಲ ಐಸ್‌ಕ್ರೀಮ್ ಕಡ್ಡಿಯದು. ಹತ್ತಕ್ಕೆ ಒಂದರ ಲೆಕ್ಕದಲ್ಲಿ 70ನೇ ಮೆಟ್ಟಿಲ ಪಕ್ಕ ನಂದಿ. ನೆತ್ತಿಯ ಮೇಲೆ ಏಳು ಅಂತಸ್ತಿನ ಗೋಪುರ, ಅದರೆದುರಿಗೆ ಕೈಯಲ್ಲಿ ಕತ್ತಿ ಹಾವು ಹಿಡಿದ ಮಹಿಷಾಸುರ. ಇವಿಷ್ಟಕ್ಕೆ ಎರಡು ಭಾನುವಾರ ಸಾಕಾಯಿತು. ಹಸಿರಿಗೆ ಮಾತ್ರ ನಾಲ್ಕು ವಾರ ಬೇಕಾಯಿತು.

ಹಸಿರು ಬಣ್ಣ ಬಳಿದ ಮರದ ಪುಡಿ ಉದುರಿಸಿಬಿಡು ಎಂದು ಮನೆಯಲ್ಲಿ ಎಲ್ಲರೂ ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಅಜ್ಜಿಯ ಕಾಲದಿಂದ ನಮ್ಮ ಪಾರ್ಕಿನಲ್ಲಿ ರಾಗಿ ಪೈರು ಬೆಳೆದಿದೆ. ಬೊಂಬೆಗಳ ನಡುವೆ ಜೀವ ಇರುವುದು ಅದೊಂದಕ್ಕೇ. ಅದು ಇದ್ದರೇನೇ ಹಬ್ಬ.

ತಟ್ಟೆಯಲ್ಲಿ ರಾಗಿ ಬೆಳೆಯುವುದು ಮಕ್ಕಳಾಟ. ನಲವತ್ತೈದು ಡಿಗ್ರಿ ಇಳಿಜಾರಿನಲ್ಲಿ ಅದೇ ರಾಗಿ ಯಾರ ಮಾತೂ ಕೇಳುವುದಿಲ್ಲ. ಗಣೇಶನನ್ನು ಕಳಿಸಿದ ಮರುದಿನ ಮೊದಲ ಪ್ರಯೋಗ ಮಾಡಿದೆ. ಕೋಳಿ ಜಾಲರಿಯ ಚೌಕಟ್ಟು, ಅದರ ಮೇಲೆ ಗೋಣಿ, ಗೋಣಿಯ ಮೇಲೆ ಅರ್ಧ ಇಂಚು ಕೆಮ್ಮಣ್ಣು, ಮಣ್ಣಿನಲ್ಲಿ ನೆನೆಸಿದ ರಾಗಿ. ಸಂಜೆ ನೋಡಲು ಚೆನ್ನಾಗಿತ್ತು. ಬೆಳಗಾಗುವುದರೊಳಗೆ ನಂದಿಯಿಂದ ಮೇಲಿನ ಮಣ್ಣೆಲ್ಲ ಕುಸಿದು ಬುಡದಲ್ಲಿ ಗುಡ್ಡೆ ಬಿದ್ದಿತ್ತು.

ಎರಡನೇ ಸಲ ಮಣ್ಣು ಬಿಟ್ಟೆ. ಗೋಣಿಗೆ ಮೈದಾ ಅಂಟು ಬಳಿದು ರಾಗಿ ಉದುರಿಸಿದೆ. ಅಂಟಿಕೊಂಡಿತು, ಮೊಳಕೆಯೂ ಬಂತು. ಮೂರನೇ ದಿನ ಬಿಳಿ ನವಿರು ಕಾಣಿಸಿತು. ಇಲ್ಲಿ ಒಂದು ಮಾತು: ರಾಗಿ ಮೊಳೆತಾಗ ಬೇರಿನ ಸುತ್ತ ಬರುವ ಬಿಳಿ ನವಿರನ್ನೆಲ್ಲ ಬೂಷ್ಟು ಎಂದು ತಿಳಿದು ತಟ್ಟೆ ಚೆಲ್ಲಬೇಡಿ. ನೀರು ಚಿಮುಕಿಸಿದ ಕೂಡಲೇ ಬೇರಿಗೆ ಅಂಟಿಕೊಂಡು ಮಾಯವಾದರೆ ಅದು ಬೇರುಗೂದಲು. ನೀರಿಗೂ ಜಗ್ಗದೆ ಕಾಳಿನಿಂದ ಕಾಳಿಗೆ ಜೇಡರ ಬಲೆಯಂತೆ ಹಬ್ಬಿ, ಮುಗ್ಗಲು ವಾಸನೆ ಬಂದರೆ ಬೂಷ್ಟು. ನನ್ನದು ಎರಡನೆಯದು. ಮೈದಾ ಎಂದರೆ ಬೂಷ್ಟಿಗೆ ಹಬ್ಬದೂಟ. ಐದನೇ ದಿನ ಇಡೀ ಬೆಟ್ಟವನ್ನು ಹಿತ್ತಲಿಗೆ ಹಾಕಿದೆ.

ಈ ನಡುವೆ ಅಂಗಡಿಯವರ ಮೇಲಿನ ಸಿಟ್ಟನ್ನೂ ಹೇಳಿಬಿಡುತ್ತೇನೆ. ದಿನಸಿ ಅಂಗಡಿಯ ರಾಗಿ ಎಷ್ಟು ಮೊಳೆಯುತ್ತದೆ ನೋಡೋಣವೆಂದು ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿದೆ. ಮೊಳೆತದ್ದು 31. ಹೊಳೆಯಲಿ ಎಂದು ತಿಕ್ಕಿ ತಿಕ್ಕಿ ಪಾಲಿಶ್ ಮಾಡಿದ ರಾಗಿ ಅದು. ನಂಜನಗೂಡು ಕಡೆಯ ಪರಿಚಯದ ರೈತರ ಮನೆಯಿಂದ ತಂದದ್ದು 92 ಮೊಳೆಯಿತು. ಗೋಣಿಯ ಕಥೆ ಇನ್ನೂ ಕೆಟ್ಟದು. ಅಪ್ಪಟ ಸೆಣಬು ಎಂದು ಹೇಳಿ ಒಬ್ಬರು ಕೊಟ್ಟ ಚೀಲದ ಒಳಗೆ ಪ್ಲಾಸ್ಟಿಕ್ ಪದರ ಇತ್ತು. ಇನ್ನೊಬ್ಬರು ಕೊಟ್ಟದ್ದು ಸೆಣಬೇ, ಆದರೆ ಸೀಮೆಎಣ್ಣೆ ನಾತ. ನೀರು ಹಾಕಿದರೆ ಕೆಸುವಿನ ಎಲೆಯ ಮೇಲಿನ ಹಾಗೆ ಹನಿಹನಿಯಾಗಿ ಉರುಳುತ್ತಿತ್ತು. ಮಿಲ್ಲಿನಲ್ಲಿ ನಾರು ಮೆತ್ತಗಾಗಲೆಂದು ಹಾಕುವ ಎಣ್ಣೆ ಅದು. ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಿ, ಎರಡು ಸಲ ಜಾಲಿಸಿದ ಮೇಲೆ ನೀರು ಕುಡಿಯತೊಡಗಿತು. ಹೊಸ ಗೋಣಿ ತಂದವರು ಇದನ್ನು ಮೊದಲು ಮಾಡಿ.

ಮೂರನೇ ಪ್ರಯೋಗದಲ್ಲಿ ರಾಗಿಯನ್ನು ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಮೊಳೆತ ಕಾಳನ್ನು ಕಡ್ಡಿಯಿಂದ ಗೋಣಿಯ ಹೆಣಿಗೆಯೊಳಗೆ ತೂರಿಸಿದೆ. ಮೂರು ಸಂಜೆ ಹಿಡಿಯಿತು. ಜಾರಲಿಲ್ಲ. ಆದರೆ ಬುಡದ ತಟ್ಟೆಯ ನೀರು ಗೋಣಿಯಲ್ಲಿ ಒಂದು ಗೇಣಿಗಿಂತ ಮೇಲೆ ಏರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನೆತ್ತಿ ಒಣಗಿ ಗರಿಗರಿ. ಸರಿ, ಗೋಪುರದ ಹಿಂದೆ ಒಂದು ಪುಟ್ಟ ಕುಡಿಕೆ ಇಟ್ಟು, ತಳಕ್ಕೆ ತೂತು ಮಾಡಿ, ಹತ್ತಿಯ ಬತ್ತಿ ಇಳಿಬಿಟ್ಟೆ. ನೀರು ಬೆಟ್ಟದ ತುಂಬ ಹರಡಲಿ ಎಂಬುದು ನನ್ನ ಆಸೆ. ನೀರಿಗೆ ಮೆಟ್ಟಿಲ ದಾರಿ ಸಿಕ್ಕಿತು. ರಾತ್ರಿಯೆಲ್ಲ ಒಂದೇ ಧಾರೆಯಾಗಿ ನೂರು ಮೆಟ್ಟಿಲು ಇಳಿದು, ಪಂಚೆ ನೆನೆಸಿ, ಪರೀಕ್ಷೆಗೆಂದು ಕೆಳಗೆ ಜೋಡಿಸಿದ್ದ ಶೆಟ್ಟರ ಅಂಗಡಿಗೆ ನುಗ್ಗಿತು. ನಮ್ಮ ಶೆಟ್ಟಿ ಶೆಟ್ಟಮ್ಮ, ಅತ್ತೆಯವರು 1974ರಲ್ಲಿ ತಂದ ಹಸಿಮಣ್ಣಿನ ಬೊಂಬೆಗಳು. ಶೆಟ್ಟರ ಎಡಗಾಲು ಮೆತ್ತಗಾಗಿ ಬಣ್ಣ ಎದ್ದಿತ್ತು. ನೆರಳಲ್ಲಿ ನಾಲ್ಕು ದಿನ ಒಣಗಿಸಿ, ಹುಣಸೆ ಬೀಜದ ಅಂಟು, ಮರದ ಪುಡಿ ಕಲಸಿ ಕಾಲು ಕಟ್ಟಿದೆ. ಬೆರಳು ಮತ್ತೆ ಮೂಡಿಸುವಾಗ ಕೈ ನಡುಗಿತು. ಈಗ ನಿಂತಿದ್ದಾರೆ. ಅವರ ಮುಂದೆ ಅವರೆಕಾಳು, ಬೆಲ್ಲ, ಪುಟ್ಟ ತಕ್ಕಡಿ ಎಲ್ಲ ಇದೆ. ಆದರೂ ಆ ಬೆಳಿಗ್ಗೆಯನ್ನು ನೆನೆಸಿಕೊಂಡರೆ ಇವತ್ತಿಗೂ ಸಂಕಟವಾಗುತ್ತದೆ. ಜೀವಂತ ಪಾರ್ಕು ಮಾಡುವವರು ಮಣ್ಣಿನ ಬೊಂಬೆಗಳನ್ನು ಒಂದಡಿ ದೂರ ಇಡಿ, ಪಂಚೆಯ ಕೆಳಗೆ ಪ್ಲಾಸ್ಟಿಕ್ ಹಾಸಿ.

ದಾರಿ ಸಿಕ್ಕಿದ್ದು ಅಡುಗೆಮನೆಯ ಸಿಂಕಿನಲ್ಲಿ. ಸೆಪ್ಟೆಂಬರ್ 13ರಂದು ತಂಗಿಯ ಮಗ ಕಾಮಕಸ್ತೂರಿ ಬೀಜ ಹಾಕಿದ ಶರಬತ್ತು ಕುಡಿದು ಲೋಟ ಹಾಗೇ ಬಿಟ್ಟಿದ್ದ. ಮರುದಿನ ತೊಳೆಯಲು ಹೋದರೆ ಬೀಜಗಳು ಲೋಟದ ಗೋಡೆಗೆ ಕಚ್ಚಿಕೊಂಡಿವೆ. ನಾರು ಹಾಕಿ ಉಜ್ಜಿದರೂ ಬರುತ್ತಿಲ್ಲ. ನೆಟ್ಟಗೆ ನಿಂತ ಗಾಜಿನ ಗೋಡೆ! ನಲ್ಲಿ ಹರಿಯುತ್ತಲೇ ಇತ್ತು, ನಾನು ಲೋಟ ಹಿಡಿದುಕೊಂಡು ನಿಂತೇ ಇದ್ದೆ. ಅಂಟು ನಾವು ಬಳಿಯಬೇಕಾಗಿಲ್ಲ, ಬೀಜವೇ ತರುತ್ತದೆ.

ನೆನೆದರೆ ಲೋಳೆ ಬಿಡುವ ಮೂರು ಬೀಜ ತಂದೆ: ಕಾಮಕಸ್ತೂರಿ, ಚಿಯಾ, ಮತ್ತು ಬಾಣಂತಿಯರಿಗೆ ಉಂಡೆ ಕಟ್ಟುತ್ತಾರಲ್ಲ, ಆ ಆಳವಿ. ಚಿಯಾ ಈಗ ನಮಗೆ ದೂರದ ಬೀಜವಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ರೈತರಿಗೆ ಹೇಳಿಕೊಟ್ಟು ಎಚ್.ಡಿ. ಕೋಟೆ ಕಡೆಯಲ್ಲೇ ಬೆಳೆಯುತ್ತಿದೆ. ಮೂರನ್ನೂ ಗೋಣಿ ತುಂಡಿಗೆ ಬಳಿದು ಗೋಡೆಗೆ ಒರಗಿಸಿಟ್ಟೆ. ಆಳವಿ ಎರಡನೇ ದಿನವೇ ಬಾಯಿ ಬಿಟ್ಟಿತು. ಚಿಯಾ ಅದಕ್ಕಿಂತ ಒಂದು ದಿನ ತಡ. ಕಾಮಕಸ್ತೂರಿಗೆ ಕಾಯಲು ನನ್ನಲ್ಲಿ ದಿನಗಳಿರಲಿಲ್ಲ, ಹಬ್ಬ ಹತ್ತಿರ ಬಂದಿತ್ತು.

18ನೇ ತಾರೀಖು ನಿಜವಾದ ಬಿತ್ತನೆ. ಒಂದು ಚಮಚ ಬೀಜಕ್ಕೆ ಐದು ಚಮಚ ನೀರು, ಇಪ್ಪತ್ತು ನಿಮಿಷ. ಅಷ್ಟರಲ್ಲಿ ಲೋಳೆ ಬಿಟ್ಟು ಪಾಯಸದ ಹದಕ್ಕೆ ಬರುತ್ತದೆ. ನೀರು ಹೆಚ್ಚಾದರೆ ಇಳಿಯುತ್ತದೆ, ಕಡಿಮೆಯಾದರೆ ಮುದ್ದೆ ಕಟ್ಟುತ್ತದೆ. ಗೋಣಿಯನ್ನು ಮೊದಲು ಚೆನ್ನಾಗಿ ಒದ್ದೆ ಮಾಡಿ, ಬೆರಳಿನಿಂದ ತೆಳ್ಳಗೆ ಸವರಿ. ಕಾಳಿನ ಮೇಲೆ ಕಾಳು ಕೂರಬಾರದು, ಕೂತಲ್ಲಿ ಬೂಷ್ಟು ಖಂಡಿತ. ನನ್ನ ಬೆಟ್ಟಕ್ಕೆ ಆಳವಿ, ಚಿಯಾ ಸೇರಿ ಸುಮಾರು 150 ಗ್ರಾಂ ಹಿಡಿಯಿತು. ಒಂದೂವರೆ ದಿನ ಒದ್ದೆ ಪೇಪರ್ ಮುಚ್ಚಿದ್ದೆ, ಆಮೇಲೆ ತೆಗೆದೆ. ನೀರೆಂದರೆ ಸ್ಪ್ರೇ ಬಾಟಲಿಯ ಮಂಜು ಮಾತ್ರ, ದಿನಕ್ಕೆ ನಾಲ್ಕು ಸಲ. ಕುಡಿಕೆ, ಬತ್ತಿ ಎಲ್ಲ ಅಟ್ಟಕ್ಕೆ ಹೋದವು. ಬುಡದ ಸಮತಟ್ಟಿನಲ್ಲಿ ಮಾತ್ರ ರಾಗಿ, ಅದು ಅಜ್ಜಿಯ ಪಾಲು.

ನಾಲ್ಕನೇ ದಿನ, ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಇಡೀ ಬೆಟ್ಟ ಕಿಟಕಿಯ ಕಡೆ ತಲೆಬಾಗಿ ನಿಂತಿತ್ತು. ಬೆಳಕಿಗೆ ಹಸಿದಿತ್ತು ಪಾಪ. ಸೀರಿಯಲ್ ಸೆಟ್ಟಿನ ಹಳದಿ ಮಿಣುಕಿನಿಂದ ಪೈರಿಗೆ ಏನೂ ಸಿಗುವುದಿಲ್ಲ. ಬೆಟ್ಟದ ನೆತ್ತಿಯಿಂದ ಒಂದೂವರೆ ಅಡಿ ಮೇಲೆ 20 ವಾಟ್‌ನ ಬಿಳಿ ಎಲ್‌ಇಡಿ ಟ್ಯೂಬು ಕಟ್ಟಿ ದಿನಕ್ಕೆ ಹನ್ನೆರಡು ಗಂಟೆ ಉರಿಸಿದೆ. ಎರಡು ದಿನದಲ್ಲಿ ನೆಟ್ಟಗಾಯಿತು.

ನಾನು ಯೋಚಿಸದೇ ಇದ್ದ ಒಂದು ಲಾಭವೂ ಆಯಿತು. ಆಳವಿ, ಚಿಯಾ ಎಲೆಗಳು ಹುಲ್ಲಿನ ಹಾಗೆ ಉದ್ದ ಅಲ್ಲ, ಪುಟ್ಟ ಪುಟ್ಟ ಪೊದೆ. ಚಾಮುಂಡಿ ಬೆಟ್ಟದ ಮೇಲಿರುವುದೂ ಕುರುಚಲು ಕಾಡೇ ಅಲ್ಲವೇ? ರಾಗಿ ಗೆದ್ದಿದ್ದರೆ ನನ್ನ ಬೆಟ್ಟ ಹುಲ್ಲುಗಾವಲಾಗುತ್ತಿತ್ತು. ಈಗ ನಂಜನಗೂಡು ರಸ್ತೆಯಿಂದ ನೋಡಿದ ಹಾಗಿದೆ.

ಲೋಳೆ ಬೀಜ ಕೈಗೆ ಬಂದ ಮೇಲೆ ಮುಂದಿನ ವರ್ಷದ್ದು ತಲೆಯಲ್ಲಿ ಓಡುತ್ತಿದೆ. ಮೇಲುಕೋಟೆ. ಯೋಗನರಸಿಂಹನ ಬೆಟ್ಟ ಇನ್ನು ಕಷ್ಟವಲ್ಲ, ಕಷ್ಟ ಕೆಳಗಿನ ಕಲ್ಯಾಣಿ. ನಾಲ್ಕು ಕಡೆ ಮೆಟ್ಟಿಲು, ನಡುವೆ ನಿಜವಾದ ನೀರು. ಸೋರಬಾರದು, ಸೊಳ್ಳೆಯೂ ಹುಟ್ಟಬಾರದು. ಹಳೆಯ ಸ್ಟೀಲ್ ಬೇಸನ್ನಿನ ಒಳಗೆ ಬಳಪದ ಕಲ್ಲಿನ ಚೂರುಗಳನ್ನು ಮೆಟ್ಟಿಲಾಗಿ ಕೂರಿಸಿ, ನೀರಲ್ಲಿ ನಾಲ್ಕು ಗಪ್ಪಿ ಮೀನು ಬಿಡುವ ಯೋಚನೆ. ಮಂಟಪದ ಕಂಬಗಳನ್ನು ಚನ್ನಪಟ್ಟಣದಲ್ಲಿ ಆಲೆ ಮರದಲ್ಲಿ ಕಡೆಸಬೇಕು, ಅರಗು ಬೇಡ, ಹಾಗೇ ಬಿಳಿಯಾಗಿ. ಯಾರಾದರೂ ಕಲ್ಯಾಣಿ ಮಾಡಿದ್ದರೆ ಮೂಲೆಗಳಲ್ಲಿ ಸೋರದಂತೆ ಏನು ಹಚ್ಚಿದಿರಿ, ತಿಳಿಸಿ. ಸಿಲಿಕೋನಿನ ವಾಸನೆ ಮೀನಿಗೆ ಆಗುತ್ತದೆಯೋ ಎಂಬ ಚಿಂತೆ ನನಗೆ.

ಈ ಸಲ ಒಂದು ತಿಥಿ ಎರಡು ದಿನ ನಿಂತು ಹಬ್ಬ ಹನ್ನೊಂದು ದಿನಕ್ಕೆ ಹೋಗಿದೆ. ವಿಜಯದಶಮಿ ಗುರುವಾರ. ಅಲ್ಲಿಯವರೆಗೆ ಹಸಿರು ನಿಲ್ಲಬೇಕು. ಮಹಿಷಾಸುರನ ಬೆನ್ನಿಗೆ ಅಂಗೈಯಗಲ ತೆಳುವಾಗಿದ್ದ ಕಡೆ ಕಳೆದ ಗುರುವಾರ ಮತ್ತೆ ಆಳವಿ ಸವರಿದ್ದೇನೆ, ನಿನ್ನೆ ಮೊಳೆತಿದೆ.

ಸಂಜೆ "ರೀ, ಗೊಂಬೆ ಕೂರ್ಸಿದ್ದೀರಾ?" ಎಂದು ಬೀದಿಯ ಮಕ್ಕಳು ಬಂದಿದ್ದರು. ಹದಿನಾಲ್ಕು ಜನ. ಬೊಂಬೆ ಬಾಗಿನಕ್ಕೆ ಕಡಲೆಕಾಳಿನ ಗುಗ್ಗರಿ, ಕೊಬ್ಬರಿ ಮಿಠಾಯಿ. ಒಂದು ಹುಡುಗಿ ಬೆಟ್ಟ ನೋಡಿ, "ಇದಕ್ಕೆ ಮೇಕೆ ಬಿಟ್ರೆ ಏನಾಗುತ್ತೆ?" ಎಂದಳು. ಪಾರ್ಕಿನ ಮೇಕೆ ಬೊಂಬೆಯನ್ನು ಅವಳ ಕೈಗೇ ಕೊಟ್ಟೆ. ಯೋಚಿಸಿ ಯೋಚಿಸಿ ಮಹಿಷಾಸುರನ ಪಕ್ಕ ನಿಲ್ಲಿಸಿದಳು. ಅಲ್ಲೇ ಇದೆ.

ಮಕ್ಕಳು ಹೋದ ಮೇಲೆ ದೊಡ್ಡಮ್ಮ ಕುರ್ಚಿಯನ್ನು ಬೆಟ್ಟದ ಹತ್ತಿರ ಎಳೆಸಿಕೊಂಡರು. ಅರಿಶಿನ ಕುಂಕುಮದ ಬಟ್ಟಲು ಕೇಳಿದರು, ಒಂದು ಬೆಂಕಿಕಡ್ಡಿ ಕೇಳಿದರು. ಮೊದಲ ಮೆಟ್ಟಿಲಿನಿಂದ ಶುರು ಮಾಡಿದರು. ಕಡ್ಡಿಯ ತುದಿಯಲ್ಲಿ ಅರಿಶಿನ, ಆಮೇಲೆ ಕುಂಕುಮ. ಒಂದೊಂದೇ ಮೆಟ್ಟಿಲು, ತುಟಿ ಅಲ್ಲಾಡುತ್ತಿತ್ತು. ಎಪ್ಪತ್ತಕ್ಕೆ ಬಂದಾಗ ಕಡ್ಡಿ ಕೆಳಗಿಟ್ಟು, "ನಂದಿ ಹತ್ರ ಒಂದು ಘಳಿಗೆ ಕೂತ್ಕೊಂಡೇ ಹೋಗೋದು ನಾನು, ನೀರು ಕೊಡು" ಎಂದರು. ಕೊಟ್ಟೆ. ಕುಡಿದು, ಸುಧಾರಿಸಿಕೊಂಡು, ಉಳಿದ ಮೂವತ್ತು ಮುಗಿಸಿದರು.

ಈಗ ಹೊಸ ಸಮಸ್ಯೆ. ರಾತ್ರಿಯ ಸ್ಪ್ರೇ ಹೊಡೆಯಬೇಕು, ಹೊಡೆದರೆ ಕುಂಕುಮ ಕರಗಿ ಮೆಟ್ಟಿಲಿಂದ ಹರಿಯುತ್ತದೆ. ಮೆಟ್ಟಿಲಿನ ಅಗಲಕ್ಕೆ ಓಹೆಚ್‌ಪಿ ಹಾಳೆಯ, ಅಂದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ, ಪಟ್ಟಿ ಕತ್ತರಿಸಿ ಮುಚ್ಚಿ, ಎರಡೂ ಪಕ್ಕದಿಂದ ಮಂಜು ಬಿಟ್ಟು ನೋಡಿದೆ. ಹನ್ನೆರಡನೇ ಮೆಟ್ಟಿಲೊಂದು ಸ್ವಲ್ಪ ಒದ್ದೆಯಾಯಿತು, ಉಳಿದದ್ದು ಹಾಗೇ ಇದೆ. ಬೆಳಿಗ್ಗೆ ಸರಸ್ವತಿ ಪೂಜೆಗೆ ಪುಸ್ತಕ ಜೋಡಿಸುವ ಮೊದಲು ಆ ಒಂದು ಮೆಟ್ಟಿಲಿಗೆ ಮತ್ತೆ ಹಚ್ಚಲು ಅವರಿಗೇ ಹೇಳಬೇಕು.