ಬಿದ್ದೀಯೆ!

ಜುಲೈ 14, 2024, ಭಾನುವಾರ
ಸಾಗರದ ಹತ್ತಿರ, ಅಜ್ಜಿಮನೆ

ಬೆಳಗ್ಗೆಯಿಂದ ಮಳೆ ಬಿಟ್ಟಿಲ್ಲ. ಅಂಗಳವೆಲ್ಲ ಪಾಚಿ. ಓಡಾಡೋಕೆ ಅಡಿಕೆ ಮರ ಸೀಳಿದ ದಬ್ಬೆ ಹಾಸಿದ್ದಾರೆ. ನಾನು ಅದನ್ನು ಬಿಟ್ಟು ಅಡ್ಡ ದಾಟೋಕೆ ಹೊರಟೆ. ಜಗಲಿಯಿಂದ ಅಜ್ಜಿ ಕೂಗಿದಳು: "ಅಲ್ಲಿ ಕಾಲಿಡಬೇಡ, ಜಾರಿ ಬಿದ್ದೀಯೆ!"

ಬೀಳಲಿಲ್ಲ. ಆ ಮಾತು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು.

ಬಂದೇನು, ಬಂದೀಯೆ, ಬಂದಾನು, ಬಂದೀತು. ಶಾಲೆಯಲ್ಲಿ ಬಾಯಿಪಾಠ ಮಾಡಿದ ಸಂಭಾವನಾರ್ಥಕ ಕ್ರಿಯಾಪದ. ಇವತ್ತು ಮೊದಲ ಸಲ ಬಿಡಿಸಿ ನೋಡಿದೆ. ನನ್ನ ಬಾಯಲ್ಲಿ ಬರೋದು 'ಬೀಳಬಹುದು'. ಅದರಲ್ಲಿ ಬೀಳೋದು ಇನ್ನೂ ದೂರದಲ್ಲಿದೆ, ಬೀಳದೆಯೂ ಇರಬಹುದು. 'ಬಿದ್ದೀಯೆ'ಯ ಹೊಟ್ಟೆಯಲ್ಲಿ 'ಬಿದ್ದ' ಇದೆ. ಭೂತಕಾಲದ ರೂಪ! ನಾನು ಇನ್ನೂ ಕಾಲೇ ಎತ್ತಿಲ್ಲ, ಅಜ್ಜಿ ಆಗಲೇ ನಾನು ಬಿದ್ದಿದ್ದು ನೋಡಿಬಿಟ್ಟಿದ್ದಾಳೆ. ಹಾಲು ಉಕ್ಕೀತು, ಕೈ ಸುಟ್ಟೀತು. ಅವಳ ದಿನದ ಅರ್ಧ ಮಾತು ಇದೇ ರೂಪದಲ್ಲಿರುತ್ತೆ.

ಒಂದು ತಿಂಗಳಿಂದ ಕಥೆ ಕಟ್ಟುವ ಬಗೆ ಓದುತ್ತಿದ್ದೇನೆ. ರಷ್ಯಾದ ಜಾನಪದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಅಲ್ಲಿನ ನೂರು ಮಾಯದ ಕಥೆಗಳನ್ನು ಬಿಚ್ಚಿ, ಒಳಗೆ 31 ಕ್ರಿಯೆಗಳ ಸರಣಿ ಕಂಡರು. ಮೊದಲು ಮನೆಯವರು ಯಾರೋ ಹೊರಗೆ ಹೋಗುತ್ತಾರೆ. ಎರಡನೆಯದು, 'ಬೇಡ' ಅನ್ನೋ ಎಚ್ಚರಿಕೆ. ಮೂರನೆಯದು, ಬೇಡ ಅಂದಿದ್ದನ್ನೇ ಮಾಡೋದು. ನಮ್ಮಲ್ಲೂ ಹಾಗೇ ಅಲ್ವಾ? 'ಮೂರು ದಿಕ್ಕಿಗೆ ಹೋಗು, ನಾಲ್ಕನೇ ದಿಕ್ಕಿಗೆ ಮಾತ್ರ ಬೇಡ' ಅಂದರೆ ರಾಜಕುಮಾರ ನೆಟ್ಟಗೆ ಅಲ್ಲಿಗೇ ಹೋಗುತ್ತಾನೆ. ಅಲ್ಲಿ ರಾಕ್ಷಸಿ ಇರಲೇಬೇಕು. ಇಲ್ಲದಿದ್ದರೆ ಕಥೆ ಯಾಕೆ ಬೇಕು?

ಅಂಗಳ ಕಥೆಯ ಮಾತು ಕೇಳೋದಿಲ್ಲ. ನೂರು ಸಲ ದಾಟಿದರೂ ಏನೂ ಆಗಿರಲ್ಲ. ಆ ನೂರು ಸಲದಿಂದ ನಾನು ಕಲಿತದ್ದು, ಅಜ್ಜಿಗೆ ಸುಮ್ನೆ ಭಯ ಅಂತ.

ಮಧ್ಯಾಹ್ನ ಅಡಿಕೆ ಮರ ಹತ್ತುವ ಕೊನೆಗಾರರು ಬಂದರು. ಕೊಳೆರೋಗಕ್ಕೆ ಔಷಧಿ ಹೊಡೆಯಬೇಕು, ಅದಕ್ಕೆ ಮಳೆ ಸ್ವಲ್ಪ ಬಿಡಬೇಕು. ಕಾಯುತ್ತಾ ಜಗಲಿಯಲ್ಲಿ ಕೂತರು. ಒದ್ದೆ ಮರ ಹತ್ತೋಕೆ ಭಯ ಆಗಲ್ವಾ ಅಂತ ಕೇಳಿದೆ.

"ಭಯ ಆಗೋದು ಬೆಂಗಳೂರಿನ ರಾತ್ರಿ ಬಸ್ಸಲ್ಲಿ ಮಾರಾಯ್ರೆ. ಮರ ಆದ್ರೆ ನನ್ನ ಕೈಲಿರ್ತದೆ. ಅಲ್ಲಿ ಸ್ಟೇರಿಂಗ್ ಇನ್ಯಾರ ಕೈಲೋ."

ಅಮೆರಿಕದ ಎಂಜಿನಿಯರ್ ಚಾನ್ಸಿ ಸ್ಟಾರ್ 1969ರಲ್ಲಿ ಇದನ್ನೇ ಲೆಕ್ಕ ಹಾಕಿ ಬರೆದಿದ್ದರು. ಬೇರೆಯವರು ಹೇರಿದ ಅಪಾಯಕ್ಕಿಂತ, ತಾವಾಗಿ ಒಪ್ಪಿಕೊಂಡ ಅಪಾಯ ಸುಮಾರು ಸಾವಿರ ಪಟ್ಟು ಜಾಸ್ತಿ ಇದ್ದರೂ ಜನ ಸಹಿಸುತ್ತಾರಂತೆ. ಆ ಸಾವಿರದ ಮೇಲೆ ಆಮೇಲೆ ತಕರಾರು ಬಂತು. ನನಗಂತೂ ಸ್ಟೇರಿಂಗಿನ ಮಾತೇ ಜಾಸ್ತಿ ಹಿಡಿಸಿತು.

ಸಂಜೆ ಅಜ್ಜಿಯ ಕವಳಕ್ಕೆ ಹೊಗೆಸೊಪ್ಪು ಮುಗಿದಿತ್ತು. ಅಂಗಡಿ ಅರ್ಧ ಕಿಲೋಮೀಟರ್, ಸ್ಕೂಟರ್ ತೆಗೆದೆ. ಹೆಲ್ಮೆಟ್ ಮೊಳೆಯಲ್ಲೇ ಇತ್ತು. 2022ರಲ್ಲಿ ದೇಶದ ರಸ್ತೆಗಳಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029 ಅಂತ ಮೊನ್ನೆ ನಾನೇ ನೋಟ್‌ಬುಕ್ಕಲ್ಲಿ ಬರೆದುಕೊಂಡಿದ್ದೆ.

ಅಜ್ಜಿ ಜಗಲಿಯಿಂದ ಕೂಗಿದಳು: "ದಬ್ಬೆ ಮೇಲೇ ಕಾಲಿಡು, ಬಿದ್ದೀಯೆ!"