ಬೋನಸ್ ಸಾರ್, ಬೋನಸ್!

ಹೋದ ವಾರ ತಾಲ್ಲೂಕು ಮಟ್ಟದ ಕಬಡ್ಡಿ ಮುಗಿಸಿ ಮನೆಗೆ ಬಂದಾಗ ನನ್ನ ಗಂಟಲು ಪೂರ್ತಿ ಕೂತಿತ್ತು. ಅತ್ತೆ ಬಿಸಿನೀರಿಗೆ ಉಪ್ಪು ಹಾಕಿ ಕೊಟ್ಟರು. ಕೊಡುವಾಗ ಕೇಳಿದ ಮೊದಲ ಪ್ರಶ್ನೆ, "ಇವತ್ತೂ ಹುಡುಗ್ರು ನಿನ್ನ ಸಾರ್ ಅಂತಲೇ ಕರೆದ್ರಾ?"

ಕರೆದಿದ್ದರು. ನಾನು ದಾವಣಗೆರೆಯಲ್ಲಿ ಪಿ.ಟಿ. ಟೀಚರ್. ಆಗಸ್ಟ್ ಬಂತೆಂದರೆ ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಅಂತ ಶಾಲೆಯ ಹೊರಗಿನ ಡ್ಯೂಟಿ ಮೇಲೆ ಓಡಾಟ. ಕುತ್ತಿಗೆಯಲ್ಲಿ ವಿಷಲ್, ತಲೆ ಮೇಲೆ ಟೋಪಿ, ಬೆನ್ನ ಮೇಲೆ ಸೊಂಟದವರೆಗೆ ಜಡೆ. ಜಡೆ ಎದುರಿಗೇ ಕಂಡರೂ ಹುಡುಗರು ರೇಡ್ ಮುಗಿದ ಕೂಡಲೇ ಹೆಚ್ಚುವರಿ ಅಂಕಕ್ಕಾಗಿ ಕೈ ಎತ್ತಿ ಕೂಗುವುದು "ಬೋನಸ್ ಸಾರ್, ಬೋನಸ್!" ಅಂತಲೇ. ಅವರು ಬೇಕಂತ ಮಾಡುವುದಿಲ್ಲ. ವಿಷಲ್ ಇರುವ ಕಡೆ ಸಾರ್ ಇರುತ್ತಾರೆ ಅಂತ ಬಾಯಿಗೆ ರೂಢಿಯಾಗಿದೆ, ಅಷ್ಟೇ.

ಇದನ್ನು ಬರೆಯೋಣ ಅನ್ನಿಸಿದ್ದು ಅಕ್ಕನ ಮಗನಿಂದ. ಅವನು ಹ್ಯೂಸ್ಟನ್‌ನಲ್ಲಿ ಕೆಲಸದಲ್ಲಿದ್ದಾನೆ. ಒಂದು ಭಾನುವಾರ ರಾತ್ರಿ ಹನ್ನೊಂದರ ಹೊತ್ತಿಗೆ ವಿಡಿಯೋ ಕಾಲ್ ಮಾಡಿದ. ಅಲ್ಲಿ ಆಗ ಮಧ್ಯಾಹ್ನ. "ಚಿಕ್ಕಮ್ಮ, ನಿಮ್ಮ ಪೈಕಿಯವರು ಒಬ್ಬರು ಇದ್ದಾರೆ ನೋಡಿ" ಅಂತ ಫೋನನ್ನು ಟಿವಿ ಕಡೆ ತಿರುಗಿಸಿದ. ಹೆಲ್ಮೆಟ್ ಹಾಕಿದ ದಢೂತಿ ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಆ ರಾಶಿಯ ಪಕ್ಕಕ್ಕೆ ಕಪ್ಪು ಬಿಳಿ ಪಟ್ಟೆಯ ಅಂಗಿಯ ಹೆಂಗಸೊಬ್ಬರು ಓಡಿ ಬಂದು ಒಂದು ಕಾಲು ಊರಿ ನಿಂತರು. ಅವರು ಸಾರಾ ಥಾಮಸ್, ಅಮೆರಿಕನ್ ಫುಟ್‌ಬಾಲ್‌ನ ರೆಫರಿ.

ನಮಗೆ ಫುಟ್‌ಬಾಲ್ ಅಂದರೆ ಕಾಲಲ್ಲಿ ಆಡುವುದು. ಅವರದ್ದು ಜಾಸ್ತಿ ಕೈಯಲ್ಲೇ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ, ಒಂದೊಂದಕ್ಕೂ 'ಡೌನ್' ಅಂತ ಹೆಸರು. ಅಷ್ಟರೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಹತ್ತು ಗಜ ಎಲ್ಲಿಗೆ ಮುಗಿಯುತ್ತದೆ ಅಂತ ತೋರಿಸಲು ಗೆರೆಯ ಹೊರಗೆ ಎರಡು ಕೋಲಿಗೆ ಸರಪಳಿ ಕಟ್ಟಿಕೊಂಡ ಜನ ನಿಂತಿರುತ್ತಾರೆ. ಆ ಸರಪಳಿಯವರು ಸಾರಾ ಅವರ ಉಸ್ತುವಾರಿಯಲ್ಲಿ. ಚೆಂಡು ಹಿಡಿದವನನ್ನು ಎಲ್ಲಿ ತಡೆದರೋ ಆ ಜಾಗಕ್ಕೆ ಓಡಿ ಬಂದು ಕಾಲಲ್ಲಿ ಗುರುತು ತೋರಿಸುವುದೂ ಅವರ ಕೆಲಸ. ಇದೆಲ್ಲ ಕೇಳಿ ಅತ್ತೆ, "ಹೊಲ ಅಳಿಯೋ ಸರ್ವೇದವ್ರು ಇದ್ದಂಗೆ" ಅಂದರು. ನನ್ನ ಅಕ್ಕನ ಮಗ ಅರ್ಧ ಗಂಟೆ ಹೇಳಿದ್ದಕ್ಕಿಂತ ಇದೇ ಸಲೀಸಾಗಿ ಅರ್ಥವಾಯಿತು.

ಆಮೇಲೆ ನಾನು ಸುಮ್ನೆ ಕೂರಲಿಲ್ಲ, ಹುಡುಕಿ ಓದಿದೆ. ಸಾರಾ ಮಿಸಿಸಿಪ್ಪಿ ರಾಜ್ಯದವರು, ಮೂರು ಮಕ್ಕಳ ತಾಯಿ. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವರು. ಆಮೇಲೆ ಚರ್ಚಿನ ಗಂಡಸರ ತಂಡಗಳ ಜೊತೆ ಆಡುತ್ತಿದ್ದರು, ಅಲ್ಲಿಂದ ಬಿಡಿಸಿದರು. ಅಣ್ಣ ಫುಟ್‌ಬಾಲ್ ರೆಫರಿಗಳ ಸಭೆಗೆ ಹೋಗುತ್ತಾನೆ ಅಂತ ಗೊತ್ತಾದಾಗ ಇವರೂ ಹೊರಟರು. ಅದು 1996. ಶಾಲಾ ಮಕ್ಕಳ ಪಂದ್ಯಗಳಿಂದ ಶುರು. ದೊಡ್ಡ ಕಾಲೇಜು ತಂಡಗಳ ಪಂದ್ಯಕ್ಕೆ ಬರುವ ಹೊತ್ತಿಗೆ 2007. ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಕಾಯಂ ಆಗಿದ್ದು 2015ರಲ್ಲಿ, ಮೊದಲ ಪಂದ್ಯ ಅದೇ ಹ್ಯೂಸ್ಟನ್‌ನಲ್ಲಿ. ಅಂದರೆ ಹತ್ತೊಂಬತ್ತು ವರ್ಷ! 2021ರ ಫೆಬ್ರವರಿಯಲ್ಲಿ ಆ ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲೂ ನಿಂತರು. ಸೂಪರ್ ಬೌಲ್‌ನಲ್ಲಿ ತೀರ್ಪು ಕೊಟ್ಟ ಮೊದಲ ಮಹಿಳೆ ಅವರೇ.

ಅವರಿಗಿಂತ ಮುಂಚೆ 2012ರಲ್ಲಿ ಶಾನನ್ ಈಸ್ಟಿನ್ ಅಂತ ಒಬ್ಬರು ಎನ್‌ಎಫ್‌ಎಲ್ ಪಂದ್ಯದಲ್ಲಿ ನಿಂತಿದ್ದರು. ಕಾಯಂ ರೆಫರಿಗಳಿಗೂ ಲೀಗ್‌ಗೂ ಒಪ್ಪಂದ ಮುರಿದಿದ್ದಾಗ ಬದಲಿಯಾಗಿ ಕರೆಸಿದ್ದು. ಮೊದಲ ಸಲ ಹೆಂಗಸಿಗೆ ಬಾಗಿಲು ತೆರೆದದ್ದು ಗಂಡಸರು ಬರದೇ ಇದ್ದಾಗ. ಇದನ್ನು ಓದಿ ನನಗೆ ಜೋರು ನಗು ಬಂತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇನ್ನೊಂದು ವಿಷಯ. ಅಲ್ಲಿ ಬಹಳ ಜನ ರೆಫರಿಗಳಿಗೆ ಬೇರೆ ಉದ್ಯೋಗ ಇರುತ್ತದೆ. ಸಾರಾ ಔಷಧ ಕಂಪನಿಯ ಮಾರಾಟದ ಕೆಲಸದಲ್ಲಿದ್ದರು. ನಮ್ಮ ದಾವಣಗೆರೆಯ ಪಿ.ಜೆ. ಬಡಾವಣೆಯ ಕ್ಲಿನಿಕ್‌ಗಳ ಮುಂದೆ ಬ್ಯಾಗ್ ಹಿಡಿದು ಕಾಯುವ ಮೆಡಿಕಲ್ ರೆಪ್‌ಗಳನ್ನು ಕಂಡಾಗೆಲ್ಲ ಈಗ ನನಗೆ ಅವರ ನೆನಪಾಗುತ್ತದೆ. 2021ರಲ್ಲಿ ಬಂದ ಮಾಯಾ ಚಾಕಾ, ಎನ್‌ಎಫ್‌ಎಲ್‌ನ ಮೊದಲ ಕಪ್ಪು ಮಹಿಳಾ ರೆಫರಿ, ವರ್ಜೀನಿಯಾದಲ್ಲಿ ಪಿ.ಟಿ. ಟೀಚರ್! ಅದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಗಣಿತದ ಮೇಷ್ಟ್ರು "ಹಂಗಾರೆ ನೀವು ಯಾವಾಗ ಅಮೆರಿಕಾಕ್ಕೆ?" ಅಂದರು. "ಮೊದಲು ನಿಮ್ಮ ಕ್ಲಾಸಿಗೆ ನನ್ನ ಪೀರಿಯಡ್ ಕಸಿದುಕೊಳ್ಳೋದು ಬಿಡಿ ಸಾರ್" ಅಂದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹೆಸರಿನ ಸಂಗತಿ. ಸಾರಾ ನಿಲ್ಲುವ ಜಾಗದವರನ್ನು ಮೊದಲು 'ಹೆಡ್ ಲೈನ್ಸ್‌ಮನ್' ಅನ್ನುತ್ತಿದ್ದರು. 2017ರಲ್ಲಿ ಅದನ್ನು 'ಡೌನ್ ಜಡ್ಜ್' ಅಂತ ಬದಲಾಯಿಸಿದರು. ಅವರು ಬಂದು ಎರಡೇ ವರ್ಷಕ್ಕೆ. ನಮ್ಮ ಕಬಡ್ಡಿಯಲ್ಲಿ ರೆಫರಿ, ಅಂಪೈರ್, ಸ್ಕೋರರ್, ಯಾವುದರಲ್ಲೂ 'ಮ್ಯಾನ್' ಇಲ್ಲ, ಹಾಗಾಗಿ ಬದಲಾಯಿಸಲು ಏನೂ ಇಲ್ಲ. ಆದರೂ ನಾನು ಸಾರ್.

ಈಗ ಆ ನಗುವಿನ ವಿಷಯ. ಮೊದಲ ಆರು ವರ್ಷ ನನ್ನನ್ನು ಎಲ್ಲಿ ಕರೆದರೂ ಸ್ಕೋರ್ ಬರೆಯಲು ಕೂರಿಸುತ್ತಿದ್ದರು. "ಮೇಡಂ ಅಕ್ಷರ ದುಂಡಗಿದೆ" ಅನ್ನುವುದು ಕಾರಣ. ಅಕ್ಷರ ದುಂಡಗಿದ್ದದ್ದೇ ತಪ್ಪಾಯಿತು ನೋಡಿ. ಒಂದು ವರ್ಷ ಜಗಳೂರು ಕಡೆ ನಮ್ಮ ಯಜಮಾನರ ಊರಿನ ಜಾತ್ರೆ. ರಾತ್ರಿ ಹ್ಯಾಲೊಜನ್ ದೀಪದ ಕೆಳಗೆ ಗಂಡಸರ ಕಬಡ್ಡಿ. ಸುಣ್ಣದ ಗೆರೆ, ಮಣ್ಣಿನ ಅಂಕಣ, ಸುತ್ತ ಟ್ರ್ಯಾಕ್ಟರ್ ಮೇಲೆಲ್ಲ ಜನ. ಬರಬೇಕಿದ್ದ ಅಂಪೈರ್ ಒಬ್ಬರ ಬೈಕ್ ದಾರಿಯಲ್ಲಿ ಪಂಕ್ಚರ್. ಹತ್ತು ಗಂಟೆಯವರೆಗೆ ಕಾದರು. ಕೊನೆಗೆ ಸಂಘಟಕರೊಬ್ಬರು ಸಂಕೋಚದಿಂದ ಬಂದು, "ಮೇಡಂ, ಅವರು ಬರೋತನಕ ಮಾತ್ರ" ಅಂತ ವಿಷಲ್ ಕೊಟ್ಟರು. ಅವರು ರಾತ್ರಿಯೆಲ್ಲ ಬರಲೇ ಇಲ್ಲ. ಪಂಕ್ಚರ್ ಹಾಕುವವನು ಎಲ್ಲಿದ್ದರೂ ಚೆನ್ನಾಗಿರಲಿ.

ಫೈನಲ್. ಕೊನೆಯ ರೇಡ್. ಅಂಕ ಸಮ. ಎದುರಿಗೆ ಆರು ಜನ ಇದ್ದರು, ಅಂದರೆ ಬೋನಸ್‌ಗೆ ಅವಕಾಶ ಇತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಒಂದು ಕಾಲು ಬೋನಸ್ ಗೆರೆ ದಾಟಿ ನೆಲ ಮುಟ್ಟುವಾಗ ಹಿಂದಿನ ಕಾಲು ಗಾಳಿಯಲ್ಲಿರಬೇಕು. ಊರಿನ ತಂಡದ ಹುಡುಗ ಸೊಗಸಾಗಿ ಕಾಲು ಚಾಚಿ, ವಾಪಸ್ ಹಾರಿದ. ಇಡೀ ಊರು ಕುಣಿಯಿತು. ನನ್ನ ಕಣ್ಣು ಮಾತ್ರ ಅವನ ಹಿಂದಿನ ಹೆಬ್ಬೆರಳ ಮೇಲಿತ್ತು. ಅದು ಮಣ್ಣು ಗೀರಿತ್ತು. ಬೋನಸ್ ಇಲ್ಲ ಅಂದೆ. ಆಮೇಲೆ ಕಿವಿಗೆ ಬಿದ್ದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅದು ಯಜಮಾನರ ಊರು ಅನ್ನುವುದು ನೆನಪಿರಲಿ. ಮಾವ ಮಾರನೇ ದಿನ ಬೆಳಗ್ಗೆ ಒಂದೇ ಮಾತು ಕೇಳಿದರು, "ಗೀರಿತ್ತೇನವ್ವ?" "ಹೂಂ ಮಾವ, ಗೀರಿತ್ತು." "ಸರಿ" ಅಂತ ಚಹಾ ಕುಡಿದರು.

ಎನ್‌ಎಫ್‌ಎಲ್‌ನಲ್ಲಿ ಅಂಕಣದೊಳಗೆ ಏಳು ಜನ ರೆಫರಿಗಳು. ಎಲ್ಲರೂ ಚೆಂಡನ್ನೇ ನೋಡುತ್ತಾ ನಿಲ್ಲುವ ಹಾಗಿಲ್ಲ. ಯಾರು ಯಾವ ಆಟಗಾರನನ್ನು, ಯಾವ ಜಾಗವನ್ನು ಗಮನಿಸಬೇಕು ಅಂತ ಮೊದಲೇ ಹಂಚಿಕೆ ಆಗಿರುತ್ತದೆ. ಎಪ್ಪತ್ತು ಸಾವಿರ ಜನ ಚೆಂಡಿನ ಹಿಂದೆ ಕಣ್ಣು ಓಡಿಸುವಾಗ ನೀವೊಬ್ಬರು ಗೆರೆ ನೋಡುತ್ತಾ ನಿಲ್ಲಬೇಕು. ಇದು ಹೇಳಿದಷ್ಟು ಸುಲಭವಲ್ಲ. ನಾನೂ ಒಂದು ಸಲ ಜಿಲ್ಲಾ ಕ್ರೀಡಾಂಗಣದಲ್ಲಿ ರೇಡರ್‌ನ ಚಂದದ ಜಿಗಿತಕ್ಕೆ ಮರುಳಾಗಿ ಅವನ ಮುಖ ನೋಡುತ್ತಾ ನಿಂತೆ, ಅಂಕಣದ ಬದಿಯ ಪಟ್ಟಿಯಲ್ಲಿ, ಅಂದರೆ ಲಾಬಿಯಲ್ಲಿ, ಕಾಲಿಡಬಾರದಾಗ ಕಾಲಿಟ್ಟಿದ್ದು ಕಾಣಲಿಲ್ಲ. ಒಂದು ಶಾಲೆಯ ಹೆಣ್ಣುಮಕ್ಕಳು ಅಲ್ಲ, ಗಂಡುಮಕ್ಕಳೇ, ಅಳುತ್ತಾ ಬಸ್ ಹತ್ತಿದರು. ಅವತ್ತು ಯಾರೂ ಬೈಯಲಿಲ್ಲ. ಯಾರಿಗೂ ಗೊತ್ತಾಗಿರಲಿಲ್ಲ. ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ.

ಈ ವಿಷಯದಲ್ಲಿ ಅಮೆರಿಕದ ಆ ರೆಫರಿಗಳ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಿದೆ. ಅವರ ಹತ್ತಿರ ಹಳದಿ ಬಾವುಟ ಇರುತ್ತದೆ. ತಪ್ಪು ಕಂಡರೆ ಎಸೆಯುತ್ತಾರೆ. ಆಮೇಲೆ ನಾಲ್ಕು ಜನ ಸೇರಿ ಮಾತಾಡಿ, ತಪ್ಪಲ್ಲ ಅನ್ನಿಸಿದರೆ ಬಾವುಟ ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಊದಿದ ವಿಷಲ್ ಹಾಗೆ ವಾಪಸ್ ಬಾಯೊಳಗೆ ಹೋಗುತ್ತದಾ?

ಕೂದಲಿನ ಮಾತೊಂದು ಉಳಿದಿದೆ. ಕಾಲೇಜು ಪಂದ್ಯಗಳಿಗೆ ಬಂದಾಗ ಸಾರಾ ಅವರಿಗೆ ಮೇಲಿನವರು ಕೂದಲನ್ನು ಟೋಪಿಯೊಳಗೆ ಸೇರಿಸಿಕೊಳ್ಳಲು ಹೇಳಿದ್ದರು, ಮೇಕಪ್ ಬೇಡ ಅಂದಿದ್ದರು. ಹೆಂಗಸು ಅಂತ ಯಾರಿಗೂ ಎದ್ದು ಕಾಣಬಾರದು ಅನ್ನುವುದು ಲೆಕ್ಕ. ಅವರೂ ಒಪ್ಪಿಕೊಂಡರು. ನಾನಾಗಿದ್ದರೆ? ನನ್ನ ಜಡೆ ಯಾವ ಟೋಪಿಯೊಳಗೂ ಹಿಡಿಸುವುದಿಲ್ಲ, ಆ ಪ್ರಶ್ನೆಯೇ ಬರಲಿಲ್ಲ. ಆದರೆ ಮೊದಮೊದಲು ದನಿಯನ್ನು ದಪ್ಪ ಮಾಡಿಕೊಂಡು ಕೂಗುತ್ತಿದ್ದೆ. ಗಂಟಲು ಹಾಳಾಗಿದ್ದು ಆಗಲೇ ಇರಬೇಕು.

ಇಲ್ಲೂ ನಿಧಾನಕ್ಕೆ ಹೆಂಗಸರು ಬರುತ್ತಿದ್ದಾರೆ. 2023ರ ಜನವರಿಯಲ್ಲಿ ರಣಜಿ ಪಂದ್ಯಗಳಿಗೆ ವೃಂದಾ ರಾಠಿ, ಜನನಿ ನಾರಾಯಣನ್, ಗಾಯತ್ರಿ ವೇಣುಗೋಪಾಲನ್ ಅಂಪೈರ್‌ಗಳಾಗಿ ನಿಂತರು. ನಮ್ಮ ತಾಲ್ಲೂಕಿನಲ್ಲಿ ವಿಷಲ್ ಹಿಡಿಯುವ ಟೀಚರ್‌ಗಳು ಈಗ ನನ್ನ ಬೆರಳೆಣಿಕೆಗಿಂತ ಜಾಸ್ತಿ ಇಲ್ಲ, ಆದರೆ ಒಂದು ಕೈ ಸಾಲುವುದಿಲ್ಲ.

ಮೊನ್ನೆ ಶನಿವಾರ ಬೆಳಗ್ಗೆ ಶಾಲೆಯಲ್ಲಿ ಅಭ್ಯಾಸ ಪಂದ್ಯ ಇತ್ತು. ನನಗೆ ಗಂಟಲಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಕೈಗೆ ವಿಷಲ್ ಕೊಟ್ಟು ನಾನು ಹುಣಸೆ ಮರದ ಕೆಳಗೆ ಸ್ಕೋರ್ ಬರೆಯಲು ಕೂತೆ. ಹತ್ತನೇ ಕ್ಲಾಸಿನ ಹುಡುಗ ರೇಡ್ ಮಾಡಿ ಬಂದವನೇ ಅವಳ ಕಡೆ ಕೈ ಎತ್ತಿದ. "ಬೋನಸ್ ಸಾ..." ಅಂದವನು ಅಲ್ಲೇ ನಿಂತ. ತಲೆ ಕೆರೆದುಕೊಂಡ. "ಲೇ, ನಿನ್ನ ಏನಂತ ಕರೀಬೇಕೇ?"

ಅವಳು ವಿಷಲ್ ಬಾಯಿಂದ ತೆಗೆದಳು. "ಏನಾದ್ರೂ ಕರಿ. ಮೊದ್ಲು ಹಿಂದಿನ ಕಾಲು ಎತ್ತು."